ಕೆಮ್ಮಿನ ಮೇಲೆ ಹೊರಿಸಿದ ತಪ್ಪು

ಚಿಕ್ಕೋಡಿಯಲ್ಲಿ ನಾನು ಕಣ್ಣಿನ ದವಾಖಾನೆ ತೆರೆದ ಮೂರನೆಯ ವರ್ಷ ಲೇಸರ್ ಯಂತ್ರ ತಂದೆ. ಹೊಸದಲ್ಲ. ಮಿರಜಿನಲ್ಲಿ ವಯಸ್ಸಾಗಿ ದವಾಖಾನೆ ಮುಚ್ಚಿದ ಹಿರಿಯ ವೈದ್ಯರೊಬ್ಬರು ಬಳಸಿದ್ದು. ಅದನ್ನು ಇಡಲು ನನ್ನಲ್ಲಿ ಇದ್ದದ್ದು ಒಂದೇ ಕೋಣೆ, ಅದೂ ರಸ್ತೆಯ ಕಡೆಯದು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತಿದ್ದರೆ ಕಿಟಕಿಯ ಸರಳುಗಳ ಮೇಲೆ ದಿನಕ್ಕೆರಡು ಸಲ ಧೂಳು ಒರೆಸಬೇಕು. ಒರೆಸುತ್ತಿದ್ದವರು ಕುಡಚಿಯಿಂದ ಬರುತ್ತಿದ್ದ ನಮ್ಮ ನರ್ಸ್. ನನಗಿಂತ ಹತ್ತು ವರ್ಷ ದೊಡ್ಡವರು, ಹಾಗಾಗಿ ನಾನು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಯಂತ್ರಕ್ಕೆ ಅವರೇ ಒಂದು ಹಳೆಯ ಚಾದರದಿಂದ ಮುಸುಕು ಹೊಲಿದಿದ್ದರು.

ಆ ಯಂತ್ರದ ಕೆಲಸ ಹೇಳಲು ಸುಲಭ. ಕಣ್ಣಿನ ಪೊರೆ ತೆಗೆದು ಒಳಗೆ ಪ್ಲಾಸ್ಟಿಕ್ ಲೆನ್ಸ್ ಕೂರಿಸುತ್ತೇವಲ್ಲ, ಆ ಲೆನ್ಸಿನ ಹಿಂದೆ ಒಂದು ತೆಳುವಾದ ಚೀಲದ ಗೋಡೆ ಇರುತ್ತದೆ. ಅದು ನಮ್ಮದೇ ದೇಹದ್ದು. ಕೆಲವರಲ್ಲಿ ಒಂದೆರಡು ವರ್ಷಗಳ ನಂತರ ಆ ಗೋಡೆ ಮಂಕಾಗುತ್ತದೆ, ಜನ ಮತ್ತೆ ಪೊರೆ ಬಂತು ಎಂದುಕೊಂಡು ಗಾಬರಿಯಾಗುತ್ತಾರೆ. ಲೇಸರಿನಿಂದ ಅದರ ನಡುವೆ ಒಂದು ಸಣ್ಣ ಕಿಂಡಿ ತೆರೆದರೆ ಮುಗಿಯಿತು, ಬೆಳಕು ಒಳಗೆ ಹೋಗುತ್ತದೆ. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಅರ್ಧ ಗಂಟೆ ಕೂತು ಮನೆಗೆ ಹೋಗಬಹುದು.

ಕಷ್ಟ ಇರುವುದು ಒಂದೇ ಕಡೆ. ಆ ಗೋಡೆ ಲೆನ್ಸಿಗೆ ಅಂಟಿಕೊಂಡೇ ಇರುತ್ತದೆ. ಲೇಸರಿನ ಒಂದು ಹೊಡೆತದಲ್ಲಿರುವ ಶಕ್ತಿ ಒಂದು ಚಮಚ ನೀರನ್ನು ಬೆಚ್ಚಗೆ ಮಾಡಲೂ ಸಾಲದು. ಆದರೆ ಅದೆಲ್ಲ ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನಲ್ಲಿ, ಸೂಜಿಯ ಮೊನೆಗಿಂತ ಸಣ್ಣ ಜಾಗಕ್ಕೆ ಬಂದು ಬೀಳುತ್ತದೆ. ಅಷ್ಟು ಒತ್ತಾಗಿ ಬಿದ್ದ ಬೆಳಕಿನ ಮುಂದೆ ಪಾರದರ್ಶಕ ವಸ್ತುವೂ ಪಾರದರ್ಶಕವಾಗಿ ಉಳಿಯುವುದಿಲ್ಲ. ಬೆಳಕನ್ನು ಹಾಯಲು ಬಿಡುತ್ತಿದ್ದದ್ದೇ ಅದನ್ನು ಹಿಡಿದು ನಿಲ್ಲಿಸಿ, ಆ ಬಿಂದುವಿನಲ್ಲಿ ಹರಿದು ಕಿಡಿಯಾಗುತ್ತದೆ. ಆ ಕಿಡಿಯ ಧಕ್ಕೆ ಬೆಳಕು ಬಂದ ದಿಕ್ಕಿಗೇ ಹಿಂತಿರುಗಿ ಹಬ್ಬುತ್ತದೆ, ಅಂದರೆ ಲೆನ್ಸಿನ ಕಡೆಗೆ. ಅದಕ್ಕೇ ಗುರಿಯನ್ನು ಗೋಡೆಯ ಮೇಲೆ ಇಡದೆ ಕೂದಲೆಳೆಯಷ್ಟು ಹಿಂದೆ ಇಡಬೇಕು. ಯಂತ್ರದ ಪಕ್ಕದಲ್ಲಿ ಅದಕ್ಕೆಂದೇ ಒಂದು ತಿರುಗುಗುಂಡಿ ಇದೆ. ಅದನ್ನು ಒಂದು ಗೀಟಿಗೆ ತಿರುಗಿಸಿದರೆ ಗುರಿ ತಾನೇ ಹಿಂದೆ ಸರಿಯುತ್ತದೆ. ಇದನ್ನೆಲ್ಲ ನಾನು ಕಲಿತಿದ್ದೆ. ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಬರೆದಿದ್ದೆ ಕೂಡ.

ಆ ಬುಧವಾರ ಬಂದವರು ನಿಪ್ಪಾಣಿಯ ಒಬ್ಬ ಹಿರಿಯ ಹೆಂಗಸು. ನಲವತ್ತು ವರ್ಷ ಬೀಡಿ ಕಟ್ಟಿದವರು. ಬಲಗೈ ಹೆಬ್ಬೆರಳಿನ ಉಗುರು ಎಲೆ ಮಡಚಿ ಮಡಚಿ ಒಂದು ಬದಿಗೆ ಸವೆದುಹೋಗಿತ್ತು. ಎರಡೂ ಕಣ್ಣಿನ ಪೊರೆಯನ್ನು ಹಿಂದೆ ಒಂದು ಶಿಬಿರದಲ್ಲಿ ತೆಗೆಸಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಈಗ ಎರಡರಲ್ಲೂ ಗೋಡೆ ಮಂಕಾಗಿತ್ತು. ಮಗಳನ್ನು ಚಿಕ್ಕೋಡಿಗೆ ಕೊಟ್ಟಿದ್ದರಿಂದ ನನ್ನ ದವಾಖಾನೆಗೆ ಬಂದಿದ್ದರು. ಮಗಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮೊದಲು ಬಲಗಣ್ಣು ಮಾಡುವುದು, ಒಂದು ತಿಂಗಳು ಬಿಟ್ಟು ಎಡಗಣ್ಣು ಎಂದು ಹೇಳಿದ್ದೆ.

ಗದ್ದವನ್ನು ಆನಿಸಿ ಹಣೆಯನ್ನು ಪಟ್ಟಿಗೆ ಒತ್ತಿ ಕೂರಿಸಿದಾಗ ಅವರು ಹೇಳಿದರು, “ಬಾಯಾರ, ನಂಗ ಕೆಮ್ಮ ಐತ್ರಿ. ಬಂತಂದ್ರ ತಡ್ಯಾಕ ಆಗಂಗಿಲ್ಲ.”

“ಎರಡ ನಿಮಿಷದ ಕೆಲಸ ಐತಿ ಆಯಿ. ಸ್ವಲ್ಪ ತಡಕೋರಿ,” ಎಂದೆ ನಾನು. ಈ ಕಡೆ ಡಾಕ್ಟರಮ್ಮನಿಗೆ ಬಾಯಾರ, ವಯಸ್ಸಾದ ಹೆಂಗಸಿಗೆ ಆಯಿ ಎನ್ನುವುದು ರೂಢಿ.

ಹೊರಗೆ ಹದಿನೆಂಟು ಜನ ಕಾಯುತ್ತಿದ್ದರು. ಕೆಂಪು ಗುರಿದೀಪಗಳೆರಡನ್ನೂ ಒಂದಾಗಿಸಿದೆ. ಬಟನ್ ಒತ್ತಿದೆ. ಟಕ್ ಎಂದು ಸಣ್ಣ ಸದ್ದು. ಮತ್ತೆ ಒತ್ತಿದೆ. ಗೋಡೆ ಅಂದುಕೊಂಡಷ್ಟು ಸುಲಭವಾಗಿ ಹರಿಯಲಿಲ್ಲ. ಶಕ್ತಿಯನ್ನು ಒಂದು ಮೆಟ್ಟಿಲು ಏರಿಸಿ ಮುಂದುವರಿಸಿದೆ. ಕಿಂಡಿ ಇನ್ನೇನು ಸುತ್ತಿ ಬರುವಷ್ಟರಲ್ಲಿ ಅವರ ಎದೆಯಿಂದ ಕೆಮ್ಮು ಎದ್ದಿತು. ಹಣೆ ಪಟ್ಟಿಯಿಂದ ಸರಿಯಿತು, ನನ್ನ ಬೆರಳು ಅಷ್ಟರಲ್ಲಿ ಬಟನ್ ಒತ್ತಿಬಿಟ್ಟಿತ್ತು. ಲೆನ್ಸಿನ ಮೇಲೆ, ನಡುವಿನಿಂದ ಸ್ವಲ್ಪ ಕೆಳಗೆ, ನಕ್ಷತ್ರದ ಹಾಗೆ ಒಂದು ಬಿರುಕು ಹೊಳೆಯಿತು.

ನನ್ನ ಬಾಯಿಂದ ಬಂದ ಮೊದಲ ಮಾತು ಇವತ್ತಿಗೂ ನೆನಪಿದೆ. “ಕೆಮ್ಮಿಬಿಟ್ರೆಲ್ಲ ಆಯಿ! ಒಳಗಿನ ಲೆನ್ಸಿನ ಕಾಚಕ್ಕ ಹೊಡತಾ ಬಿತ್ತ ನೋಡ್ರಿ.”

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇನ್ನೂ ಕೆಮ್ಮುತ್ತಲೇ ಇದ್ದರು. ಕೆಮ್ಮಿನ ನಡುವೆಯೇ, “ತಪ್ಪಾತ್ರಿ ಬಾಯಾರ, ತಪ್ಪಾತ್ರಿ,” ಎಂದರು. ಆಪಾ ನೀರು ತಂದುಕೊಟ್ಟರು. ನಾನು ಉಳಿದ ಎರಡು ಹೊಡೆತ ಮುಗಿಸಿ, ಔಷಧದ ಹನಿ ಹಾಕಿ, ಹದಿನೈದು ದಿನ ಬಿಟ್ಟು ಬರಲು ಹೇಳಿ ಕಳಿಸಿದೆ. ಹೊರಗೆ ಮಗಳು ತಾಯಿಯನ್ನು ಗದರುತ್ತಿದ್ದುದು ಕೇಳಿಸಿತು. “ಎರಡ ನಿಮಿಷ ತಡಕೊಳ್ಳಾಕ ಆಗ್ಲಿಲ್ಲೇನಬೇ ಅವ್ವಾ ನಿನಗ?”

ಆ ಮೇಲಿನ ಬುಧವಾರ ಲೇಸರಿಗೆ ಬಂದಿದ್ದ ಇಬ್ಬರಿಗೆ, ಯಂತ್ರ ಸರಿಯಿಲ್ಲ, ಮುಂದೆ ಬನ್ನಿ ಎಂದು ಹೇಳಿ ಕಳಿಸಿದೆ. ಯಂತ್ರ ಸರಿಯಿಲ್ಲವೆಂದು ನನಗೆ ಗೊತ್ತಿತ್ತೆಂದಲ್ಲ. ಮುಟ್ಟಲು ಮನಸ್ಸಾಗಲಿಲ್ಲ ಅಷ್ಟೆ. ಆಪಾ ಹೊಲಿದ ಮುಸುಕು ಅದರ ಮೇಲೆ ಹಾಗೇ ಇತ್ತು.

ಹದಿನೈದು ದಿನಕ್ಕೆ ಅವರು ಹೇಳಿದ ಸಮಯಕ್ಕೇ ಬಂದರು. ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದರು. ಗೋಡೆಯ ಮೇಲಿನ ಪಟದಲ್ಲಿ ಕೆಳಗಿನಿಂದ ಎರಡನೆಯ ಸಾಲಿನವರೆಗೂ ಗುರುತಿಸಿದರು. ಹಿಂದೆ ದೊಡ್ಡ ಗುರುತೂ ಕಾಣುತ್ತಿರಲಿಲ್ಲ. ನನಗೆ ಉಸಿರು ಬಂದಂತಾಯಿತು.

“ಛಲೋ ಕಾಣತೈತ್ರಿ. ಸಂಜೀಕ ಗಾಡಿ ಲೈಟ್ ಬಂತಂದ್ರ ಅಷ್ಟ ಸುತ್ತಲೂ ಕಡ್ಡಿ ಕಡ್ಡಿ ಆಗತೈತಿ. ಅದು ನಂದ ತಪ್ಪ ಬಿಡ್ರಿ. ನೀವು ಹೇಳಿದ್ರಿ, ನಾ ಕೇಳಲಿಲ್ಲ,” ಎಂದರು.

ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕಿ, ಅರ್ಧ ಗಂಟೆ ಬಿಟ್ಟು ಪರೀಕ್ಷೆಯ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ನೋಡಿದೆ. ನಕ್ಷತ್ರದಂಥ ಬಿರುಕು ಇದ್ದಲ್ಲೇ ಇತ್ತು. ಅದರ ಜೊತೆಗೆ ಅವತ್ತು ಅವಸರದಲ್ಲಿ ನಾನು ಕಂಡಿರದ ಬೇರೆ ಗುಳಿಗಳೂ ಇದ್ದವು. ಒಂದು, ಎರಡು, ಎಣಿಸಿದರೆ ಆರು. ಕಿಂಡಿಯ ಅಂಚಿನುದ್ದಕ್ಕೂ, ನಾನು ಹೊಡೆತ ಹಾಕುತ್ತ ಹೋದ ದಾರಿಯಲ್ಲೇ, ಸಣ್ಣ ಸಣ್ಣದಾಗಿ ಹೊಳೆಯುತ್ತಿದ್ದವು.

ಅವರನ್ನು ಹೊರಗೆ ಕೂರಿಸಿ ಬಂದ ಮೇಲೆ ಆಪಾ ಹೋಳಿಗೆಯ ಡಬ್ಬಿಯನ್ನು ಕಪಾಟಿನಲ್ಲಿಡುತ್ತ, ಏನಾಯಿತು ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. ಅವರು ನನ್ನ ಮುಖ ನೋಡದೆಯೇ ಹೇಳಿದರು, “ಆಯಿ ಕೆಮ್ಮಿದ್ದು ಒಂದ ಸಲ ರೀ ಬಾಯಾರ.”

ಅಷ್ಟು ಹೇಳಿ ಅವರು ಮುಂದಿನ ರೋಗಿಯನ್ನು ಕರೆಯಲು ಹೋದರು. ನಾನು ಹೊರಗೆ ಬಂದು ಆಯಿಗೆ ಎಲ್ಲ ಸರಿ ಇದೆ ಎಂದೆ. ಎಡಗಣ್ಣಿಗೆ ಯಾವಾಗ ಬರುತ್ತೀರಿ ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

“ಬ್ಯಾಡ್ರಿ. ಒಂದ ಕೆಡಿಸಿಕೊಂಡದ್ದ ಸಾಕು. ಮತ್ತ ಕೆಮ್ಮ ಬಂದ್ರ ಅದೂ ಹೋಗತೈತಿ. ಒಂದ ಕಣ್ಣಾಗ ಕಾಣತೈತೆಲ್ಲ, ನಡೀತೈತಿ.”

ಕೆಡಿಸಿದ್ದು ಕೆಮ್ಮಲ್ಲ ಎಂದು ಆಗ ಹೇಳಬಹುದಿತ್ತು. ಬಾಯಿ ತೆರೆಯಲೂ ತೆರೆದೆ. ಆದರೆ ಬೆಂಚಿನ ಮೇಲೆ ಜನ ಇದ್ದರು, ಎಲ್ಲರೂ ನಮ್ಮ ಕಡೆಗೇ ನೋಡುತ್ತಿದ್ದರು. ವಿಚಾರ ಮಾಡಿ ಬರ್ರಿ ಆಯಿ ಎಂದಷ್ಟೇ ಹೇಳಿದೆ.

ಮಧ್ಯಾಹ್ನವೇ ಕೊಲ್ಲಾಪುರಕ್ಕೆ ಫೋನ್ ಮಾಡಿ ಯಂತ್ರ ರಿಪೇರಿ ಮಾಡುವ ಎಂಜಿನಿಯರನ್ನು ಕರೆದೆ. ನನ್ನ ಮನಸ್ಸಿನಲ್ಲಿ ಏನಿತ್ತು ಎನ್ನುವುದನ್ನು ಈಗ ಮುಚ್ಚಿಡುವುದಿಲ್ಲ. ಯಂತ್ರದಲ್ಲಿ ಏನಾದರೂ ಕೆಟ್ಟಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಎರಡು ದಿನಕ್ಕೆ ಆತ ಬಂದ. ನಿಧಾನದ ಮನುಷ್ಯ. ಮುಸುಕು ತೆಗೆದು, ಮಡಚಿ ಕುರ್ಚಿಯ ಮೇಲಿಟ್ಟು, ಯಂತ್ರದ ಮೇಲಿನ ಮುಚ್ಚಳ ಬಿಚ್ಚಿದ. ಒಳಗೆ ಬೆಳಕನ್ನು ತಿರುಗಿಸಿ ಕಳಿಸುವ ಸಣ್ಣ ಸಣ್ಣ ಕನ್ನಡಿಗಳು. ಒಂದನ್ನು ಬಿಚ್ಚಿ, ಬ್ಯಾಟರಿ ಬೆಳಕಿಗೆ ಓರೆಯಾಗಿ ಹಿಡಿದು ನನ್ನನ್ನು ಕರೆದ. “ಇಲ್ಲಿ ನೋಡ್ರಿ ಮ್ಯಾಡಮ್. ಕನ್ನಡಿ ಸುಟ್ಟೈತಿ.”

ನೋಡಿದೆ. ಸಾಬೂನಿನ ಗುಳ್ಳೆಯ ಹಾಗೆ ನೇರಳೆ, ಹಸಿರು ಬಣ್ಣ ಆಡುತ್ತಿದ್ದ ಕನ್ನಡಿಯ ಮುಖದಲ್ಲಿ ಸಾಸಿವೆಗಿಂತ ಸಣ್ಣದೊಂದು ಬೂದಿ ಬಣ್ಣದ ಕಲೆ. ಕನ್ನಡಿಯ ಮೇಲೆ ತೆಳು ಲೇಪನದ ಪದರಗಳಿರುತ್ತವೆ, ಒಂದರ ಮೇಲೊಂದು ಹತ್ತಾರು, ಎಲ್ಲ ಸೇರಿದರೂ ಈರುಳ್ಳಿಯ ಒಳಸಿಪ್ಪೆಗಿಂತ ತೆಳು ಎಂದು ಆತ ವಿವರಿಸಿದ. ಲೇಸರಿನ ಬೆಳಕನ್ನು ಹಿಂದಕ್ಕೆ ಕಳಿಸುವುದು ಆ ಪದರಗಳೇ, ಕೆಳಗಿನ ಗಾಜಲ್ಲ.

“ಇದರ ಮ್ಯಾಲ ಒಂದ ಧೂಳಿನ ಕಣ ಕೂತಿರಬೇಕ್ರಿ. ಎಲ್ಲಾ ಕಡೆ ಬೆಳಕ ಹೊಳ್ಳಿ ಹೋಗತೈತಿ, ಆ ಕಣ ಇದ್ದಲ್ಲಿ ಅಷ್ಟ ತಡೀತೈತಿ. ತಡದಲ್ಲಿ ಕಾಯತೈತಿ. ಕಾದಲ್ಲಿ ಪದರ ಏಳತೈತಿ. ಒಮ್ಮೆ ಎದ್ದದ್ದು ಆಮ್ಯಾಲ ಹೊಡತಕ್ಕೊಮ್ಮೆ ದೊಡ್ಡದಾಕ್ಕೋತ ಹೋಗತೈತಿ. ಬೆಳಕೆಲ್ಲ ಹಂಗ, ಎಲ್ಲಿ ಹೊಲಸ ಐತಿ, ಎಲ್ಲಿ ಗೀರ ಐತಿ, ಅಲ್ಲೇ ಮೊದಲ ಹಿಡಿಯೂದು.”

“ಹಂಗಾದ್ರ ಪೇಶಂಟ್ ಲೆನ್ಸಿಗೆ ಹೊಡತಾ ಬಿದ್ದದ್ದು ಇದರಿಂದ?” ನನ್ನ ದನಿಯಲ್ಲಿದ್ದ ಆಸೆ ನನಗೇ ಕೇಳಿಸಿತು.

ಆತ ಕನ್ನಡಿಯನ್ನು ಅರಿವೆಯ ಮೇಲಿಟ್ಟ. “ಇದರಿಂದ ಶಕ್ತಿ ಕಡಿಮಿ ಆಗತೈತ್ರಿ. ನೀವು ಏರಿಸಬೇಕಾಗತೈತಿ. ಆದ್ರ ಗುರಿ ಮುಂದ ಬರಂಗಿಲ್ಲ.” ಆಮೇಲೆ ಯಂತ್ರದ ಪಕ್ಕಕ್ಕೆ ಬಗ್ಗಿ ನೋಡಿದ. “ಇದು ಸೊನ್ನೀಗೆ ಐತೆಲ್ರಿ. ಯಾರ ಇಟ್ಟಾರ?”

ತಿರುಗುಗುಂಡಿ ಸೊನ್ನೆಯಲ್ಲಿತ್ತು.

ಯಾರು ಇಟ್ಟದ್ದು ಎಂದು ನೆನಪಿಸಿಕೊಳ್ಳಲು ಕಷ್ಟಪಡಬೇಕಾಗಿರಲಿಲ್ಲ. ಆಯಿ ಬರುವ ಹಿಂದಿನ ದಿನ ಅಥಣಿ ಕಡೆಯ ದ್ರಾಕ್ಷಿ ತೋಟದವರೊಬ್ಬರು ಕಣ್ಣಿನ ಒತ್ತಡ ಏರಿ ನೋವಿನಿಂದ ಬಂದಿದ್ದರು. ಅವರಿಗೆ ಕಣ್ಣಿನ ಬಣ್ಣದ ಪರದೆಯಲ್ಲಿ ರಂಧ್ರ ಮಾಡಬೇಕಿತ್ತು. ಅದಕ್ಕೆ ಗುರಿ ಹಿಂದೆ ಇರಬಾರದು, ಪರದೆಯ ಮೇಲೇ ಇರಬೇಕು. ಗುಂಡಿಯನ್ನು ಸೊನ್ನೆಗೆ ತಂದವಳು ನಾನು. ಮರುದಿನ ಅದನ್ನು ತಿರುಗಿಸದೆ ಕೂತವಳೂ ನಾನು. ಆಮೇಲೆ ಯಾರೂ ಆ ಯಂತ್ರ ಮುಟ್ಟಿರಲಿಲ್ಲ. ಹದಿನೈದು ದಿನ ಅದು ನನ್ನ ಕೈಯಳತೆಯಲ್ಲೇ ಇತ್ತು, ಬಗ್ಗಿ ನೋಡಿದ್ದರೆ ಕಾಣುತ್ತಿತ್ತು. ನಾನು ನೋಡಿರಲಿಲ್ಲ.

“ನಾನೇ ಇಟ್ಟದ್ದು,” ಎಂದೆ. ಆತ ಹೊಸ ಕನ್ನಡಿ ಕೂರಿಸಿ, ತೆಳು ಕಾಗದದ ಮೇಲೆ ಹೊಡೆದು ಗುರಿ ಪರೀಕ್ಷಿಸಿ, ಚಹಾ ಕುಡಿದು ಹೋದ.

ಆ ಭಾನುವಾರ ನಿಪ್ಪಾಣಿಯ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳಬಹುದಲ್ಲ ಎಂದು ಒಮ್ಮೆ ಅನ್ನಿಸಿತ್ತು. ಆಯಿಯ ಮನೆಯಲ್ಲಿ ಫೋನ್ ಎತ್ತುವವಳು ಸೊಸೆ, ಸೊಸೆಗೆ ಹೇಳಿ ಮುಗಿಸಿದರೆ ಅದು ಹೇಳಿದಂತಾಗುವುದಿಲ್ಲ ಎಂದು ಬಿಟ್ಟೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಳ್ಳುತ್ತ ಹೋದೆ. ನಿಪ್ಪಾಣಿಯಲ್ಲಿ ಇಳಿದು ಕೇಳುತ್ತ ಕೇಳುತ್ತ ಅವರ ಓಣಿಗೆ ಬರುವಷ್ಟರಲ್ಲಿ ಜೋಡಿಸಿದ್ದೆಲ್ಲ ಕಳಚಿಹೋಗಿತ್ತು.

ಅತ್ತೆ ಸೊಸೆ ಇಬ್ಬರೂ ಪಡಸಾಲೆಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನನ್ನನ್ನು ನೋಡಿ ಆಯಿ ಗಡಬಡಿಸಿ ಎದ್ದರು. “ಅಯ್ಯ, ಬಾಯಾರ! ಯಾ ಬಸಾ, ಕುಂಡ್ರಿ ಕುಂಡ್ರಿ,” ಎಂದರು ಮರಾಠಿ ಕನ್ನಡ ಎರಡನ್ನೂ ಕಲಸಿ. ಕಣ್ಣಿಗೆ ಏನಾದರೂ ಆಗಿದೆಯೆಂದು ಹೇಳಲು ಬಂದಿದ್ದೇನೆಂದುಕೊಂಡು ಸೊಸೆಯ ಮುಖ ಸಣ್ಣದಾಯಿತು. ಚಾಪೆಯ ಮೇಲೆ ಕೂತೆ. ತಂಬಾಕಿನ ಘಾಟಿಗೆ ನನಗೂ ಗಂಟಲು ಕೆರೆಯಿತು, ಕೆಮ್ಮಿದೆ.

ಹೇಳಿದೆ. ಗುಂಡಿಯ ವಿಷಯ ಹೇಗೆ ಹೇಳುವುದೋ ತಿಳಿಯದೆ, ಒಲೆಯ ಉರಿ ಸಣ್ಣ ಮಾಡುವುದನ್ನು ಮರೆತರೆ ಪಾತ್ರೆ ತಳ ಹಿಡಿಯುವ ಹಾಗೆ ಎಂದೇನೋ ಅಂದೆ. ಲೆನ್ಸಿನ ಮೇಲೆ ಏಳು ಗುರುತಿವೆ, ಕೆಮ್ಮಿನ ಹೊತ್ತಿಗೆ ಆದದ್ದು ಒಂದು, ಅದೂ ನಿಮ್ಮದಲ್ಲ, ಕೆಮ್ಮು ಇದೆ ಎಂದು ನೀವು ಮೊದಲೇ ಹೇಳಿದ್ದಿರಿ, ಕಾಯದೆ ಬಟನ್ ಒತ್ತಿದವಳು ನಾನು ಎಂದೆ.

ಆಯಿ ಎಲೆ ಕತ್ತರಿಸುತ್ತಲೇ ಇದ್ದರು. ತಗಡಿನ ಅಚ್ಚನ್ನು ಎಲೆಯ ಮೇಲಿಟ್ಟು, ಸುತ್ತ ಕತ್ತರಿ ಆಡಿಸಿ, ಪಕ್ಕಕ್ಕಿಟ್ಟು, ಇನ್ನೊಂದು. ನಾಲ್ಕೈದು ಎಲೆ ಆದವು.

“ಅಂದ್ರ ನಂದಲ್ಲ?”

“ನಿಮ್ದಲ್ಲ ಆಯಿ. ನಂದು.”

“ಈ ಹದಿನೆಂಟ ದಿನಾ ಮನ್ಯಾಗ ಬಾಯಿಗೆ ಸೆರಗ ತುರಕೊಂಡ ಕೆಮ್ಮೇನ್ರಿ ನಾ. ನನ್ನ ಮಗಳು ನನ್ನ ಕೂಡ ಮಾತ ಬಿಟ್ಟಾಳ.” ಅವರ ದನಿ ಏರಲಿಲ್ಲ. “ನಲವತ್ತ ವರ್ಷದಿಂದ ಈ ಕೆಮ್ಮ ಹೊತಗೊಂಡ ತಿರಗೇನಿ. ನೀವು ಅದರ ಮ್ಯಾಲ ಇದನ್ನೂ ಹೊರಸಿದ್ರಿ.”

ತಪ್ಪಾಯಿತು ಎಂದೆ. ಅವತ್ತು ಅವರು ನನ್ನ ಮುಂದೆ ಅಂದದ್ದೂ ಅದೇ ಮಾತು ಎಂದು ಹೊಳೆದು ಇನ್ನಷ್ಟು ನಾಚಿಕೆಯಾಯಿತು.

ಸೊಸೆಗೆ ಸಿಟ್ಟು ಬಂದಿತ್ತು. ಬರಬೇಕಾದದ್ದೇ. “ನಾವು ಬ್ಯಾರೆ ಕಡೆ ತೋರಸ್ತೀವ್ರಿ. ಆ ಕಾಚ ತಗದ ಬ್ಯಾರೆ ಹಾಕಬೇಕಾಗತೈತೋ ಏನೋ,” ಎಂದಳು. ಬೇರೆ ಹಾಕುವುದರಲ್ಲೇ ಅಪಾಯ ಹೆಚ್ಚು, ಇಷ್ಟಕ್ಕೆ ಅದು ಬೇಡವೆಂದು ನನಗೆ ಅನ್ನಿಸುತ್ತದೆ, ಆದರೆ ನನ್ನ ಮಾತು ನಂಬಬೇಡಿ, ಮಿರಜಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಎಂದೆ. ನಡೆದದ್ದನ್ನು, ಗುಂಡಿ ಸೊನ್ನೆಯಲ್ಲಿದ್ದುದನ್ನೂ ಸೇರಿಸಿ, ಒಂದು ಚೀಟಿಯಲ್ಲಿ ಬರೆದು ಸಹಿ ಮಾಡಿ ಕೊಟ್ಟೆ. ಸೊಸೆ ಅದನ್ನು ಎರಡು ಸಲ ಓದಿ ಮಡಚಿ ಇಟ್ಟುಕೊಂಡಳು. ಚಹಾ ಕೊಟ್ಟರು, ಕುಡಿದೆ. ಮಗಳಿಗೆ ನಾನೇ ಹೇಳುತ್ತೇನೆ ಎಂದು ಆಯಿಗೆ ಮಾತು ಕೊಟ್ಟು ಬಂದೆ. ಚಿಕ್ಕೋಡಿಗೆ ಬಂದವಳೇ ಮನೆಗೆ ಹೋಗುವ ಮೊದಲು ಮಗಳ ಮನೆಗೆ ಹೋದೆ. ಆಕೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡು, “ನಾ ಅವ್ವಗ ಏನೇನೋ ಅಂದೇನ್ರಿ,” ಎಂದಳು. ಅಷ್ಟೇ. ಒಳಗೆ ಕರೆಯಲಿಲ್ಲ.

ಮಿರಜಿನವರು ಲೆನ್ಸ್ ಬದಲಿಸುವುದು ಬೇಡ ಎಂದರಂತೆ. ನೋಟ ಚೆನ್ನಾಗಿದೆ, ದೀಪದ ಸುತ್ತಲಿನ ಕಡ್ಡಿಗಳು ರೂಢಿಯಾಗುತ್ತವೆ ಎಂದು ಹೇಳಿ ಕಳಿಸಿದ್ದರು. ಇದು ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ, ಆಯಿ ಮಗಳ ಜೊತೆ ನನ್ನ ಕೋಣೆಯ ಬಾಗಿಲಲ್ಲಿ ನಿಂತಾಗ. ಎಡಗಣ್ಣು ಮಾಡಿಸಲು ಬಂದಿದ್ದರು.

“ಮಿರಜದಾಗ ಮಾಡಿಸಬೇಕಿತ್ತೆಲ್ಲ ಆಯಿ?” ಎಂದೆ. ನನಗೆ ನಿಜವಾಗಿಯೂ ಅರ್ಥವಾಗಲಿಲ್ಲ.

“ಅಲ್ಲಿಯವರಿಗೆ ನನ್ನ ಕೆಮ್ಮ ಗೊತ್ತಿಲ್ಲಲ್ರಿ. ನಿಮಗ ಗೊತ್ತೈತಿ.”

ಆ ಬುಧವಾರ ಅವರೊಬ್ಬರನ್ನೇ ಇಟ್ಟುಕೊಂಡೆ. ಗುಂಡಿ ತಿರುಗಿಸಿ, ಆಪಾರನ್ನೂ ಕರೆದು ಗೀಟು ತೋರಿಸಿದೆ. ಆಪಾ ಗಟ್ಟಿಯಾಗಿ ಓದಿ ಹೇಳಿದರು. ಕೂರಿಸುವ ಮೊದಲು ಎಷ್ಟು ಬೇಕಾದರೂ ಕೆಮ್ಮಿಕೊಳ್ಳಿ ಎಂದು ಬಿಸಿನೀರು ಕೊಟ್ಟೆವು. ಕೂತ ಮೇಲೆ ಕೆಮ್ಮು ಬರುವ ಸುಳಿವು ಸಿಕ್ಕರೆ ಎಡಗೈ ಬೆರಳು ಎತ್ತಬೇಕು, ನಾನು ಬಟನ್ನಿನಿಂದ ಕೈ ತೆಗೆಯುತ್ತೇನೆ ಎಂದು ಒಪ್ಪಂದವಾಯಿತು. ಆಪಾ ಹಿಂದೆ ನಿಂತು ತಲೆಯನ್ನು ಎರಡೂ ಕೈಯಿಂದ ಹಿಡಿದರು. ಹೊಸ ಕನ್ನಡಿಯಿಂದಾಗಿ ಕಡಿಮೆ ಶಕ್ತಿಗೇ ಗೋಡೆ ತೆರೆದುಕೊಳ್ಳುತ್ತಿತ್ತು. ಬೆರಳು ಎರಡು ಸಲ ಎದ್ದಿತು. ಎರಡು ಸಲವೂ ಅವರು ಹಿಂದೆ ಸರಿದು, ಸೆರಗು ಹಿಡಿಯದೆ, ಎದೆ ತುಂಬ ಕೆಮ್ಮಿ ಮತ್ತೆ ಬಂದು ಕೂತರು.

ಆದರೂ ಒಂದು ಗುಳಿ ಬಿತ್ತು. ಅಂಚಿನ ಕಡೆ, ನೋಟಕ್ಕೆ ಅಡ್ಡ ಬರದ ಜಾಗದಲ್ಲಿ. ಎಷ್ಟು ಜಾಗ್ರತೆ ಮಾಡಿದರೂ ಒಂದೊಂದು ಹೀಗೆ ಬೀಳುತ್ತದೆ. ಅವರು ಗದ್ದ ಎತ್ತುವ ಮೊದಲೇ ಹೇಳಿಬಿಟ್ಟೆ.

“ಇದ ನಂದೋ, ನಿಮ್ದೋ?” ಎಂದು ಕೇಳಿದರು.

“ನಂದು.”

“ಹಂಗಾದ್ರ ಇರಲಿ,” ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಲಗಣ್ಣಿನ ಕಡ್ಡಿಗಳು ಪೂರ್ತಿ ಹೋಗಿಲ್ಲ. ಎದುರಿನಿಂದ ಗಾಡಿ ಬಂದರೆ ಆ ಕಣ್ಣನ್ನು ಸ್ವಲ್ಪ ಕಿರಿದು ಮಾಡಿಕೊಳ್ಳುತ್ತಾರೆ ಎಂದು ಮಗಳು ಹೇಳುತ್ತಾಳೆ. ನಾನು ಅದಕ್ಕೆ ಏನೂ ಮಾಡಲಾರೆ. ಕೆಮ್ಮಿಗೆ ಮಾತ್ರ ಎದೆಯ ಡಾಕ್ಟರ ಹತ್ತಿರ ಕಳಿಸಿದೆ. ಈಗ ಉಸಿರಿನ ಜೊತೆ ಒಂದು ಔಷಧ ಎಳೆದುಕೊಳ್ಳುತ್ತಾರೆ, ಸ್ವಲ್ಪ ಕಡಿಮೆಯಾಗಿದೆ.

ಆರು ತಿಂಗಳಿಗೊಮ್ಮೆ ತೋರಿಸಲು ಬರುತ್ತಾರೆ. ಕಳೆದ ಸಲ ಬಂದಾಗ ಹೊರಗಿನ ಬೆಂಚಿನಲ್ಲಿ ಲೇಸರಿಗೆ ಬಂದಿದ್ದ ಮುಗಳಖೋಡದ ಹೆಂಗಸೊಬ್ಬಳು ಹೆದರಿ ಕೂತಿದ್ದಳು. ಆಯಿ ಆಕೆಗೆ ಧೈರ್ಯ ಹೇಳುತ್ತಿದ್ದುದು ಪರದೆಯ ಈಚೆ ನನಗೆ ಕೇಳಿಸುತ್ತಿತ್ತು.

“ಅಂಜಬ್ಯಾಡವಾ. ನೋವ ಆಗಂಗಿಲ್ಲ, ಟಕ್ ಟಕ್ ಅಂತೈತಿ ಅಷ್ಟ. ಬಾಯಾರು ಛಲೋ ಅದಾರ. ಆದ್ರ ಏನರ ಹೆಚ್ಚೂಕಡಿಮಿ ಆಗಿ ನಿನ್ನ ಮ್ಯಾಲ ಬಂತಂದ್ರ, ಮೊದಲ ಆ ಮಷೀನ್ ನೋಡ್ರಿ ಬಾಯಾರ ಅನ್ನು.”

ಆಪಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ನಾನು ಮುಗಳಖೋಡದವಳನ್ನು ಒಳಗೆ ಕರೆದೆ.